ಫ್ಲ್ಯಾಟ್ ಬುಷ್‌ನ ಸೂರ್ಯಾಸ್ತ

ಏಪ್ರಿಲ್ 6, ಭಾನುವಾರ

ಇವತ್ತು ದೇಶದ ಗಡಿಯಾರಗಳೆಲ್ಲ ಒಂದು ಗಂಟೆ ಹಿಂದಕ್ಕೆ ಹೋದವು. ಸರ್ಕಾರ ಹೇಳಿದರೆ ಇಲ್ಲಿ ಹೊತ್ತೂ ಹಿಂದೆ ಮುಂದೆ ಸರಿಯುತ್ತದೆ. ನಾನು ವೃದ್ಧರನ್ನು ನೋಡಿಕೊಳ್ಳುವ ಈ ರೆಸ್ಟ್‌ಹೋಮಿನ ರಾತ್ರಿಯೂಟ ಮಾತ್ರ ಸಂಜೆ ಐದು ಬಿಟ್ಟು ಅಲ್ಲಾಡುವುದಿಲ್ಲ. ಸಂಜೆ ಐದಕ್ಕೆ ಊಟ ಮುಗಿಸಿ ಏಳಕ್ಕೆ ದೀಪ ಆರಿಸಿಬಿಟ್ಟರೆ ವಯಸ್ಸಾದವರು ತಕರಾರು ಮಾಡುವುದಿಲ್ಲ ಎಂದು ಯಾರೋ ಮಹಾನುಭಾವರು ಕಂಡುಹಿಡಿದಿದ್ದಾರೆ.

ಈ ಪುಸ್ತಕ ಮುಟ್ಟಿ ಎಂಟು ತಿಂಗಳಾಗಿತ್ತು. ಮುಟ್ಟಿಸಿದವರು ಹನ್ನೆರಡನೇ ರೂಮಿಗೆ ಹೊಸದಾಗಿ ಬಂದಿರುವ ಮಿಸ್ಟರ್ ರೋಸ್ನರ್. ಎಂಬತ್ತೊಂಬತ್ತು ವರ್ಷ, ಯಹೂದಿ, ಇಲ್ಲೇ ಪಕ್ಕದ ಪೆಟೋನಿಯಲ್ಲಿ ನಲವತ್ತು ವರ್ಷ ಸೋಫಾಗಳಿಗೆ ಬಟ್ಟೆ ಹೊದಿಸಿದವರು. ಬಂದ ದಿನವೇ ನಮ್ಮ ಹಾಲಿನ ಕುರ್ಚಿಗಳನ್ನೆಲ್ಲ ಕೈಯಿಂದ ಅಮುಕಿ ನೋಡಿ, ಇವನ್ನು ಮಾಡಿದವನಿಗೆ ಬೆನ್ನು ಇರಲಿಲ್ಲವೆಂದು ಕಾಣುತ್ತದೆ ಎಂದರು. ಕಣ್ಣು ಮುಕ್ಕಾಲು ಹೋಗಿದೆ, ಕಾಲು ಅರ್ಧ ಹೋಗಿದೆ, ನಾಲಿಗೆ ಪೂರ್ತಿ ಇದೆ.

ಅವರು ಸಂಜೆ ಎರಡು ಪ್ರಾರ್ಥನೆ ಮಾಡುತ್ತಾರೆ. ಮಧ್ಯಾಹ್ನದ್ದನ್ನು ಸೂರ್ಯ ಮುಳುಗುವುದರೊಳಗೆ ಮುಗಿಸಬೇಕು. ರಾತ್ರಿಯದ್ದು ಮೂರು ನಕ್ಷತ್ರ ಕಂಡ ಮೇಲೆ. ಇವತ್ತು ನನ್ನನ್ನು ಕರೆದು, ಸೂರ್ಯ ಎಷ್ಟು ಹೊತ್ತಿಗೆ ಮುಳುಗುತ್ತಾನೆ ನೋಡಿ ಹೇಳು ಎಂದರು. ಅವರ ಗಡಿಯಾರ ಗುಂಡಿ ಒತ್ತಿದರೆ ಗಂಟೆ ಹೇಳುತ್ತದೆ, ಸೂರ್ಯನ ವಿಚಾರ ಅದಕ್ಕೆ ಗೊತ್ತಿಲ್ಲ. ಕಿಟಕಿಯಿಂದ ನೋಡಿ, ಆಗಲೇ ಹೋದ ಎಂದೆ. ಅವರು ನಕ್ಕರು. ನಮ್ಮ ಈ ಲೋವರ್ ಹಟ್‌ನಲ್ಲಿ ಪಶ್ಚಿಮಕ್ಕೆ ಉದ್ದಕ್ಕೂ ಗುಡ್ಡ. ಸೂರ್ಯ ಅದರ ಹಿಂದೆ ಬೇಗ ಮರೆಯಾಗುತ್ತಾನೆ, ಮರೆಯಾದವನು ಮುಳುಗಿದ ಹಾಗಲ್ಲ ಎಂದರು. ಫೋನ್ ತೆಗೆದೆ. ಆರು ಎಂಟು ಎಂದು ತೋರಿಸಿತು, ಹೇಳಿದೆ.

ಆ ಪ್ರಾರ್ಥನೆಯನ್ನು ನಿಂತೇ ಮಾಡಬೇಕಂತೆ. ಅವರು ಬೀಳುವವರ ಪಟ್ಟಿಯಲ್ಲಿದ್ದಾರೆ, ಸೊಂಟಕ್ಕೆ ಬೆಲ್ಟ್ ಕಟ್ಟಿ ಒಬ್ಬರು ಹಿಡಿದುಕೊಳ್ಳದೆ ನಿಲ್ಲುವಂತಿಲ್ಲ. ನಾನು ಹಿಡಿದುಕೊಂಡೆ. ಮೈಸೂರಿನಲ್ಲಿ ಹದಿನಾರು ವರ್ಷ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಪಿ.ಟಿ. ಮೇಡಂ ಆಗಿದ್ದವಳು, ಒಬ್ಬರು ಮುದುಕರನ್ನು ಏಳು ನಿಮಿಷ ನೆಟ್ಟಗೆ ನಿಲ್ಲಿಸುವುದು ನನಗೇನು ದೊಡ್ಡದಲ್ಲ. ಶುರು ಮಾಡುವ ಮೊದಲು ಮೂರು ಹೆಜ್ಜೆ ಹಿಂದೆ ಹೋಗಿ ಮೂರು ಹೆಜ್ಜೆ ಮುಂದೆ ಬರುತ್ತಾರೆ, ಮುಗಿದ ಮೇಲೆ ಮತ್ತೆ ಹಿಂದೆ ಸರಿದು ಎಡಕ್ಕೆ ಬಲಕ್ಕೆ ಬಾಗುತ್ತಾರೆ. ಹಿಂದೆ ಇದ್ದ ನನ್ನ ಕಾಲು ತುಳಿದರು.

ನನಗೂ ದೇವರಿಗೂ ಎರಡು ವರ್ಷದಿಂದ ಮಾತುಕತೆ ಇಲ್ಲವೆಂದು ಅವರಿಗೆ ಹೇಳಲಿಲ್ಲ. ಅದು ನನ್ನ ವಿಷಯ.

ಏಪ್ರಿಲ್ 24, ಗುರುವಾರ

ಇಲ್ಲಿ ಚಳಿಗಾಲ ಬರುವುದು ಜೂನ್‌ಗೆ. ದಿನಕ್ಕೆ ಒಂದು ನಿಮಿಷಕ್ಕಿಂತ ಸ್ವಲ್ಪ ಹೆಚ್ಚಾಗಿ ಸೂರ್ಯ ಊಟದ ಕಡೆಗೆ ಜಾರುತ್ತಿದ್ದಾನೆ. ಈಗ ಊಟ ಮುಗಿದ ಮೇಲೆ ಪ್ರಾರ್ಥನೆ. ಮೇ ತಿಂಗಳು ಬಂದರೆ ಎರಡೂ ಡಿಕ್ಕಿ ಹೊಡೆಯುತ್ತವೆ.

ಮ್ಯಾನೇಜರ್ ಲಿನೆಟ್ ಬುದ್ಧಿವಂತೆ. ಆ ಪ್ರಾರ್ಥನೆಯನ್ನು ಮಧ್ಯಾಹ್ನ ಒಂದು ಗಂಟೆಯಿಂದಲೂ ಮಾಡಬಹುದು ಎಂದು ಎಲ್ಲೋ ಓದಿಕೊಂಡು ಬಂದು, ಒಂದು ಗಂಟೆಗೆ ಮಾಡಿದರೆ ಎಲ್ಲರಿಗೂ ಸುಲಭ ಅಲ್ಲವೇ ಎಂದು ಅವರನ್ನೇ ಕೇಳಿದಳು. ಮಿಸ್ಟರ್ ರೋಸ್ನರ್ ಹೇಳಿದ್ದು ಇಷ್ಟೇ.

"ಮಾಡಬಹುದು. ಮಾಡಲ್ಲ."

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಆಮೇಲೆ ಯಾಕೆಂದು ಕೇಳಿದೆ. ಹೇಳಿದರು. ಅವರ ಜನರಲ್ಲಿ ಹತ್ತು ಗಂಡಸರು ಸೇರಿದರೆ ಮಾತ್ರ ಪೂರ್ತಿ ಪ್ರಾರ್ಥನೆ. ಐವತ್ತು ವರ್ಷದ ಹಿಂದೆ ಈ ಊರಿನಲ್ಲಿ ಇವರೂ ಸೇರಿ ಒಂಬತ್ತು ಜನ ಇದ್ದರು, ಇವರ ವರ್ಕ್‌ಶಾಪಿನಲ್ಲಿ ಹೊಸ ಸೋಫಾಗಳ ನಡುವೆ ಸೇರುತ್ತಿದ್ದರು. ಹತ್ತನೆಯವರು ವೆಲ್ಲಿಂಗ್ಟನ್ನಿನಲ್ಲಿ ಗುಮಾಸ್ತರು, ಕೆಲಸ ಮುಗಿಸಿ ರೈಲಿನಲ್ಲಿ ಬರಬೇಕು. ಚಳಿಗಾಲದಲ್ಲಿ ರೈಲಿಗೂ ಸೂರ್ಯನಿಗೂ ಪಂದ್ಯ. ಒಂಬತ್ತು ಜನ ಬಾಗಿಲಿನಲ್ಲಿ ನಿಂತು ಕಾಯುವುದು, ಅವರು ಸ್ಟೇಷನ್ನಿನಿಂದ ಓಡಿ ಬರುವುದು, ಕೊನೆಯ ಗಳಿಗೆಯಲ್ಲಿ ಶುರು ಮಾಡುವುದು. ಆಮೇಲೆ ಕತ್ತಲಾಗುವವರೆಗೆ ಉಪ್ಪು ಮೀನು ತಿಂದು ಹರಟಿ, ನಕ್ಷತ್ರ ಕಂಡ ಮೇಲೆ ರಾತ್ರಿಯ ಪ್ರಾರ್ಥನೆ ಮುಗಿಸಿ ಮನೆಗೆ. ಈಗ ಒಂಬತ್ತು ಜನ ಇಲ್ಲ, ಇವರೊಬ್ಬರೇ.

ಆದರೂ ಅದೇ ಹೊತ್ತಿಗೆ ಯಾಕೆ ಎಂದೆ. ಒಂದು ಗಂಟೆಗೆ ಮಾಡಿದರೆ ಹತ್ತನೆಯವನಿಗೆ ರೈಲು ಸಿಗುವುದಿಲ್ಲವಲ್ಲ ಎಂದರು.

ತಲೆ ಕೆಟ್ಟಿದೆ ಎಂದುಕೊಳ್ಳಬಹುದಿತ್ತು. ನಾನು ಹಾಗೆ ಅಂದುಕೊಳ್ಳಲಿಲ್ಲ.

ಮೇ 8, ಗುರುವಾರ

ಡಿಕ್ಕಿ ಹೊಡೆಯಿತು. ಫೋನಿನಲ್ಲಿ ಸೂರ್ಯಾಸ್ತ 5:28. ಇಪ್ಪತ್ತೆರಡು ಜನ ಡೈನಿಂಗ್ ಹಾಲಿನಲ್ಲಿ ಕುಂಬಳಕಾಯಿ ಸೂಪಿನ ಮುಂದೆ, ನಾನು ಹನ್ನೆರಡನೇ ರೂಮಿನಲ್ಲಿ ಬೆಲ್ಟ್ ಹಿಡಿದುಕೊಂಡು. ಲಿನೆಟ್ ಬಾಗಿಲಿಗೆ ಬಂದು ನಿಂತಳು, ಪ್ರಾರ್ಥನೆ ಮುಗಿಯುವ ತನಕ ಕಾದಳು, ಆಮೇಲೆ ನನ್ನನ್ನು ಆಫೀಸಿಗೆ ಕರೆದಳು.

ಊಟದ ಹೊತ್ತಿನಲ್ಲಿ ಮೂರು ಜನ ಕೇರ್‌ಗಿವರ್‌ಗಳು ಹಾಲಿನಲ್ಲೇ ಇರಬೇಕು, ಯಾರಿಗಾದರೂ ಗಂಟಲಲ್ಲಿ ಸಿಕ್ಕಿಕೊಂಡರೆ ಏನು ಗತಿ ಎಂದು ಕೇಳಿದಳು. ಅವಳ ಮಾತು ಸುಳ್ಳಲ್ಲ, ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು. ಅವರು ಕುರ್ಚಿಯಲ್ಲಿ ಕೂತು ಪ್ರಾರ್ಥನೆ ಮಾಡಲಿ, ನಿನ್ನ ಅಗತ್ಯ ಇರುವುದಿಲ್ಲ ಎಂದಳು. ನಿಲ್ಲಲು ಆಗುವ ತನಕ ನಿಂತೇ ಮಾಡುತ್ತೇನೆ ಎನ್ನುತ್ತಾರೆ ಅವರು ಎಂದೆ. ಎಲ್ಲದಕ್ಕೂ ಒಂದು ಸಮಯ ಇದೆ ವಿಜಯಾ, ಟ್ರೇ ಮೊದಲು ಎಂದಳು.

ಟ್ರೇ ಮೊದಲು. ಆ ಮಾತು ಕೇಳಿ ನನ್ನ ಕಿವಿ ಬಿಸಿಯಾಯಿತು. ಎದ್ದು ಕಾರಿಡಾರಿಗೆ ಹೋದೆ. ಅಲ್ಲಿ ಗೋಡೆಗೆ ನಿವಾಸಿಗಳ ಹಕ್ಕುಗಳ ಪಟ್ಟಿಯನ್ನು ಕಟ್ಟು ಹಾಕಿಸಿ ತೂಗುಹಾಕಿದ್ದಾರೆ. ಮೊಳೆಯಿಂದ ಬಿಡಿಸಿ ತಂದು ಅವಳ ಮೇಜಿನ ಮೇಲೆ, ಅವಳ ಕಾಫಿ ಕಪ್ಪಿನ ಪಕ್ಕ ಇಟ್ಟೆ. ಮೊದಲನೇ ಹಕ್ಕಿನಲ್ಲೇ ಧರ್ಮದ ಮಾತಿದೆ, ಓದಿಕೊಳ್ಳಿ, ಓದಿ ಆದ ಮೇಲೆ ನೀವೇ ವಾಪಸ್ ತೂಗುಹಾಕಿ ಎಂದು ಹೇಳಿ ಬಂದೆ.

ಚಂದ್ರಿಕಾ ಡ್ಯೂಟಿ ನರ್ಸ್, ಧಾರವಾಡದ ಹುಡುಗಿ, ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು, ಆದರೆ ಇಲ್ಲಿ ನನಗಿಂತ ಮೇಲಿನವಳು. ಔಷಧಿ ಗಾಡಿ ತಳ್ಳಿಕೊಂಡು ಹೋಗುತ್ತಾ ಪಕ್ಕದಲ್ಲಿ ನಿಂತಳು.

"ವಿಜಯಕ್ಕಾ, ಆ ಅಜ್ಜಾರ ಸಲುವಾಗಿ ನೀವ್ಯಾಕ ಇಷ್ಟ್ ಹಟಾ ಹಿಡೀತೀರಿ? ನೌಕರಿ ಹೋದ್ರ ಏನ್ ಮಾಡ್ತೀರಿ?"

"ಹೋದ್ರೆ ಹೋಗ್ಲಿ ಬಿಡು," ಅಂದೆ.

ಆಮೇಲೆ ನನಗೇ ಆಶ್ಚರ್ಯವಾಯಿತು. ಹೋದರೆ ಮನೆ ಬಾಡಿಗೆ ಯಾರು ಕೊಡುತ್ತಾರೆ.

ಮೇ 9

ಪಟ್ಟಿ ವಾಪಸ್ ಗೋಡೆಗೆ ಬಂದಿದೆ. ಸ್ವಲ್ಪ ವಾರೆಯಾಗಿದೆ. ನಾನು ನೇರ ಮಾಡಲಿಲ್ಲ.

ಮೇ 22, ಗುರುವಾರ

ಗೆದ್ದೆ. ಮೂರು ಮೀಟಿಂಗ್, ಒಂದು ಅರ್ಜಿ. ಜೊತೆಗೆ ಮಿಸ್ಟರ್ ರೋಸ್ನರ್ ತಾವೇ ಹೇಳಿ ಬರೆಸಿದ ಒಂದು ಪತ್ರ. ಅದರ ಕೊನೆಯ ಸಾಲು ಹೀಗಿತ್ತು: ನಾನು ಬೀಳಬಹುದು, ಅದು ನನಗೆ ಗೊತ್ತು, ಆದರೆ ಬಿದ್ದರೆ ಸರಿಯಾದ ದಿಕ್ಕಿಗೆ ಮುಖ ಮಾಡಿ ಬೀಳುತ್ತೇನೆ. ಲಿನೆಟ್‌ಗೂ ನಗು ತಡೆಯಲಾಗಲಿಲ್ಲ. ಕೊನೆಗೆ ತೀರ್ಮಾನವಾದದ್ದು ಇದು: ಊಟದ ಟ್ರಾಲಿ ಅಡುಗೆಮನೆಯಿಂದ ಐದಕ್ಕೆ ಹತ್ತು ನಿಮಿಷ ಇದ್ದ ಹಾಗೆ ಹೊರಡುತ್ತದೆ, ಐದಕ್ಕೆ ಟ್ರೇ ಹಂಚಿ ಮುಗಿಯುತ್ತದೆ. ಹಂಚಿದ ಮೇಲೆ ನಾನು ಹತ್ತು ನಿಮಿಷ ಹೋಗಬಹುದು. ಅದಕ್ಕಿಂತ ಮೊದಲು ಕೂಡದು.

ಇವತ್ತು ಫೋನಿನ ಸೂರ್ಯಾಸ್ತ 5:17. ಸರಿಯಾಗಿ ಹೊಂದುತ್ತದೆ. ಜೂನ್ ತಿಂಗಳ ಕಡು ಚಳಿಯಲ್ಲೂ 5:10ಕ್ಕಿಂತ ಹಿಂದೆ ಬರುವುದಿಲ್ಲ ಎಂದು ಫೋನಿನಲ್ಲೇ ನೋಡಿಕೊಂಡಿದ್ದೇನೆ. ಸೂರ್ಯನೂ ನಮ್ಮ ಅಡುಗೆಮನೆಯೂ ಕೂತು ಮಾತಾಡಿಕೊಂಡ ಹಾಗಿದೆ.

ಈಗ ಅವರು ನನ್ನ ಕಾಲು ತುಳಿಯುವುದಿಲ್ಲ. ಮೂರು ಹೆಜ್ಜೆ ಹಿಂದೆ ಎಂದರೆ ನಾನೂ ಮೂರು ಹೆಜ್ಜೆ ಹಿಂದೆ, ಅವರ ಎಡಗಾಲಿಗೆ ನನ್ನ ಎಡಗಾಲು. ನನ್ನ ಹುಡುಗಿಯರು ಆಗಸ್ಟ್ ಹದಿನೈದರ ಪೆರೇಡಿನಲ್ಲೂ ಇಷ್ಟು ಚೆನ್ನಾಗಿ ಹೆಜ್ಜೆ ಹಾಕಿರಲಿಲ್ಲ.

ಮಗಳು ಯಾಮಿನಿ ಫೋನ್ ಮಾಡಿದ್ದಳು. ವೆಲ್ಲಿಂಗ್ಟನ್ನಿನಲ್ಲಿ ಮೂವರು ಫ್ಲ್ಯಾಟ್‌ಮೇಟ್‌ಗಳ ಜೊತೆ ಇದ್ದಾಳೆ, ಇಲ್ಲಿಂದ ರೈಲಿನಲ್ಲಿ ಇಪ್ಪತ್ತು ನಿಮಿಷ, ಬರುವುದು ತಿಂಗಳಿಗೊಮ್ಮೆ. ನಾನು ಗೆದ್ದದ್ದನ್ನೆಲ್ಲ ಕನ್ನಡದಲ್ಲಿ ಹೇಳಿದೆ. "ಅಮ್ಮಾ, ಯು ಸೌಂಡ್ ಲೈಕ್ ಯು ಅಗೇನ್," ಎಂದಳು. ಅದೇನು ಅರ್ಥವೋ. ನಾನು ಯಾವಾಗ ಬೇರೆಯವಳಾಗಿದ್ದೆ.

ಜೂನ್ 9, ಸೋಮವಾರ

ಏನು ಬರೆಯಲಿ.

ಇವತ್ತು ಪ್ರಾರ್ಥನೆ ಮುಗಿಸಿ ಹೊರಗೆ ಬಂದಾಗ ಚಂದ್ರಿಕಾ ಕಾರಿಡಾರಿನಲ್ಲಿದ್ದಳು. ಇವತ್ತು ಎಷ್ಟು ಹೊತ್ತಿಗೆ ಮುಳುಗಿದ ನಿಮ್ಮ ಸೂರ್ಯ ಎಂದು ಚುಡಾಯಿಸಿದಳು. 5:11 ಎಂದೆ. ಅವಳು ತನ್ನ ಫೋನ್ ನೋಡಿ, 4:58 ಅಂತದಲ್ಲ ಎಂದಳು. ನಿನ್ನ ಫೋನ್ ಕೆಟ್ಟಿದೆ ಎಂದು ಜಗಳವಾಡಿದೆ. ಅವಳು ನನ್ನ ಫೋನ್ ಇಸಿದುಕೊಂಡು ನೋಡಿದಳು, ಪರದೆ ನನ್ನ ಕಡೆ ತಿರುಗಿಸಿದಳು.

ಮೇಲೆ ಊರಿನ ಹೆಸರಿತ್ತು. ಫ್ಲ್ಯಾಟ್ ಬುಷ್.

ನಮ್ಮವರು ನಟರಾಜ ಈ ಫೋನ್ ತಂದುಕೊಟ್ಟ ದಿನ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಹವಾಮಾನದ ಪುಟಕ್ಕೆ ನಮ್ಮ ಊರು ಹಾಕಿಕೊಟ್ಟಿದ್ದರು, ಬಟ್ಟೆ ಒಣಗಿಸುವುದಕ್ಕೆ ಮಳೆ ನೋಡಿಕೋ ಎಂದು. ಎರಡು ವರ್ಷದ ಹಿಂದೆ ಅವರು ಹೋದರು. ಆಕ್ಲೆಂಡಿನ ಫ್ಲ್ಯಾಟ್ ಬುಷ್‌ನ ಮನೆ ಬಿಟ್ಟು, ಸಾಮಾನು ಕೊಟ್ಟು, ದೇವರ ಮುಂದಿನ ದೀಪದ ಕಂಬಗಳನ್ನು ಪೇಪರ್ ಸುತ್ತಿ ಡಬ್ಬಕ್ಕೆ ಹಾಕಿ ಇಲ್ಲಿಗೆ ಬಂದೆ. ಊರಿನ ಹೆಸರು ಬದಲಾಯಿಸಲಿಲ್ಲ. ಮರೆತೆ ಎಂದು ಬರೆದರೆ ಸುಳ್ಳಾಗುತ್ತದೆ. ಇಲ್ಲಿ ಮಳೆ ಬರುವಾಗ ಅಲ್ಲಿ ಬಿಸಿಲು ತೋರಿಸುತ್ತಿತ್ತು, ನಾನು ನೋಡಿಕೊಂಡು ಸುಮ್ಮನಿರುತ್ತಿದ್ದೆ.

ಆಕ್ಲೆಂಡ್ ಉತ್ತರಕ್ಕಿದೆ. ಚಳಿಗಾಲದಲ್ಲಿ ಅಲ್ಲಿ ಸೂರ್ಯ ತಡವಾಗಿ ಮುಳುಗುತ್ತಾನೆ. ಏಪ್ರಿಲ್‌ನಲ್ಲಿ ವ್ಯತ್ಯಾಸ ಮೂರು ನಿಮಿಷ ಇತ್ತು, ಈಗ ಹದಿಮೂರು ಎಂದು ಚಂದ್ರಿಕಾ ಲೆಕ್ಕ ಹಾಕಿದಳು. ಅಂದರೆ ಒಂದು ತಿಂಗಳಿನಿಂದ ನಾನು ಆ ಕಣ್ಣಿಲ್ಲದ ಮನುಷ್ಯರನ್ನು, ಹಗಲು ಮುಗಿದ ಮೇಲೆ ಹಗಲಿನ ಪ್ರಾರ್ಥನೆಗೆ ಎಬ್ಬಿಸಿ ನಿಲ್ಲಿಸಿದ್ದೇನೆ. ಲಿನೆಟ್ ಜೊತೆ ಹೋರಾಡಿ ಗಳಿಸಿದ ಹತ್ತು ನಿಮಿಷ ಬೇರೆ ಊರಿನ ಹತ್ತು ನಿಮಿಷ.

ಅವರು ಪ್ರತಿ ದಿನ ನನ್ನನ್ನು ಕೇಳುತ್ತಾರೆ, ಹೊತ್ತಿದೆಯಾ ವಿಜಯಾ ಎಂದು. ಇದೆ ಎನ್ನುತ್ತೇನೆ. ನಂಬುತ್ತಾರೆ.

ಜೂನ್ 10, ಮಂಗಳವಾರ

ಹೇಳಲಿಲ್ಲ. ನಾಲ್ಕು ನಲವತ್ತೇಳಕ್ಕೇ ಹೋಗಿ ಎಬ್ಬಿಸಿದೆ. ಇಷ್ಟು ಬೇಗ ಯಾಕೆ ಎಂದರು. ಇವತ್ತಿನಿಂದ ಹೀಗೆ ಎಂದೆ.

ಟ್ರಾಲಿ ನನಗಾಗಿ ಕಾದು ನಿಂತಿತು. ಏಳು ಟ್ರೇ ಆರಿಹೋದವು.

ಜೂನ್ 11, ಬುಧವಾರ

ಇವತ್ತೂ ನಾಲ್ಕು ನಲವತ್ತೇಳು. ಡೋರೀನ್ ಎನ್ನುವ ಅಜ್ಜಿಯ ಮಗಳು ಬಂದಿದ್ದಳು. ಎರಡು ದಿನದಿಂದ ಅಮ್ಮನಿಗೆ ತಣ್ಣಗಿನ ಊಟ ಎಂದು ದೂರು ಕೊಟ್ಟಳು. ನ್ಯಾಯವಾದ ದೂರು. ಲಿನೆಟ್ ಪತ್ರ ಕೊಟ್ಟಳು: ಲಿಖಿತ ಎಚ್ಚರಿಕೆ, ಜೊತೆಗೆ ಸೋಮವಾರದಿಂದ ನನಗೆ ಬೆಳಗಿನ ಪಾಳಿ. ಸಂಜೆ ಹನ್ನೆರಡನೇ ರೂಮಿಗೆ ಯಾರನ್ನೂ ಕಳುಹಿಸಲು ಸಿಬ್ಬಂದಿ ಇಲ್ಲ, ಅವರು ಕೂತೇ ಪ್ರಾರ್ಥನೆ ಮಾಡಲಿ.

ಒಪ್ಪಿಕೊಂಡ ಹೊತ್ತನ್ನು ನೀನೇ ಯಾಕೆ ಮುರಿದೆ ಎಂದು ಲಿನೆಟ್ ಕೇಳಿದಳು. ಬೇಜಾರಿನಿಂದಲೇ ಕೇಳಿದಳು. ಫ್ಲ್ಯಾಟ್ ಬುಷ್ ಎಂದು ಹೇಗೆ ಹೇಳುವುದು. ಸೂರ್ಯ ಬದಲಾದ ಎಂದೆ.

ಜೂನ್ 12, ಗುರುವಾರ

ಇವತ್ತಿಗೆ ಎರಡು ವರ್ಷ. ಯಾಮಿನಿ ಬೆಳಗ್ಗೆ ಮೆಸೇಜ್ ಮಾಡಿದ್ದಳು, ಒಂದು ಹೃದಯದ ಚಿತ್ರ, ಅಷ್ಟೇ. ಅವಳಿಗೆ ಅಷ್ಟೇ ಬರುವುದು, ನನಗೆ ಅದೂ ಬರುವುದಿಲ್ಲ. ತಿಥಿ ಗಿಥಿ ಏನೂ ಮಾಡಿಸುವುದಿಲ್ಲ ಎಂದು ಹೋದ ವರ್ಷವೇ ಎಲ್ಲರಿಗೂ ಹೇಳಿಯಾಗಿದೆ.

ಚಂದ್ರಿಕಾ ಲಿನೆಟ್‌ಗೆ ಹೇಳದೆ ಟ್ರಾಲಿ ತಾನೇ ತಳ್ಳಿದಳು. "ಎರಡ್ ದಿನಾ ಅಷ್ಟ ನೋಡ್ರಿ, ಆಮ್ಯಾಲ ನನ್ನ ಕೇಳಬ್ಯಾಡ್ರಿ," ಎಂದಳು. ನಾನು ಮಿಸ್ಟರ್ ರೋಸ್ನರ್ ಅವರನ್ನು ಎಬ್ಬಿಸಿದೆ, ಹಿಡಿದುಕೊಂಡೆ, ಮುಗಿಯಿತು, ಕೂರಿಸಿದೆ. ಗಡಿಯಾರದ ಗುಂಡಿ ಒತ್ತಿದರು, ಅದು ನಾಲ್ಕು ಐವತ್ತಾರು ಎಂದಿತು.

"ಮೂರು ದಿನದಿಂದ ಬೇಗ ಬರ್ತಿದ್ದೀಯ," ಅಂದರು. "ಏನು ತಪ್ಪಾಯ್ತು?"

ಅವರ ಕಾಲಿನ ಹತ್ತಿರ ಮಣೆಯ ಮೇಲೆ ಕೂತು ಎಲ್ಲ ಹೇಳಿದೆ. ಫೋನು, ಊರು, ಹದಿಮೂರು ನಿಮಿಷ. ಅವರ ಮುಖ ಬಿಗಿಯಿತು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ, ಸರಿಯಾಗಿ ಎಷ್ಟು ನಿಮಿಷ ಎಂದು ಕೇಳಿದರು. ಹದಿಮೂರು ಎಂದೆ. ಅವರ ಭುಜ ಅಲುಗಿತು, ನೋಡಿದರೆ ನಗುತ್ತಿದ್ದಾರೆ.

ಸೂರ್ಯ ಮುಳುಗಿ ನಕ್ಷತ್ರ ಬರುವ ತನಕ ಒಂದು ಹೊತ್ತಿದೆಯಂತೆ. ಅದು ಹಗಲಿಗೆ ಸೇರಿದ್ದೋ ರಾತ್ರಿಗೆ ಸೇರಿದ್ದೋ ಎಂದು ಅವರ ಪಂಡಿತರು ಸಾವಿರಾರು ವರ್ಷ ಜಗಳವಾಡಿ ಇನ್ನೂ ತೀರ್ಮಾನಿಸಿಲ್ಲ. ಅದು ಎಷ್ಟು ಉದ್ದ ಎನ್ನುವುದಕ್ಕೂ ಜಗಳ. ಒಂದು ಲೆಕ್ಕದ ಪ್ರಕಾರ ಹದಿಮೂರೂವರೆ ನಿಮಿಷ. ಅಷ್ಟರೊಳಗೆ ಮಾಡಿದರೆ ಆದೀತು ಎಂದವರೂ ಇದ್ದಾರೆ. ನನಗೆ ಸಮಾಧಾನವಾಗಿಲ್ಲ, ಆದರೆ ವಾದ ಮಾಡುವುದಕ್ಕೆ ನನಗೆ ನಿಲ್ಲಲು ಜಾಗ ಇದೆ ಎಂದರು. ನಮ್ಮಲ್ಲೂ ಅದಕ್ಕೆ ಹೆಸರಿದೆ, ಮೂರ್ಸಂಜೆ ಎನ್ನುತ್ತೇವೆ ಎಂದೆ. ಆ ಹೊತ್ತಿನಲ್ಲಿ ಮಲಗಬಾರದು, ಕಸ ಗುಡಿಸಬಾರದು, ಅಳಬಾರದು ಎಂದು ನಮ್ಮಮ್ಮ ಗದರಿಸುತ್ತಿದ್ದರು. ಗುಡಿಸುವುದಕ್ಕೆ ಏನು ತೊಂದರೆ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ಒಂದು ವೇಳೆ ಪೂರ್ತಿ ತಪ್ಪಿಯೇ ಹೋದರೆ ಏನು ಮಾಡುತ್ತೀರಿ ಎಂದು ಕೇಳಿದೆ. ಹಗಲಿನದ್ದು ತಪ್ಪಿದರೆ ರಾತ್ರಿಯದ್ದನ್ನು ಎರಡು ಸಲ ಹೇಳಬೇಕಂತೆ. ಮೊದಲು ಆ ಹೊತ್ತಿನದ್ದು, ಆಮೇಲೆ ತಪ್ಪಿದ್ದು. ಅದೇ ಕ್ರಮ, ಅದಲು ಬದಲು ಮಾಡುವಂತಿಲ್ಲ. ಬೇಕೆಂದೇ ಬಿಟ್ಟವರಿಗೆ ಮಾತ್ರ ಈ ದಾರಿ ಇಲ್ಲ.

ಯಾಕೆ ಹೇಳಿದೆನೋ ಗೊತ್ತಿಲ್ಲ. ಈ ಪುಸ್ತಕದಲ್ಲೂ ಬರೆಯದೆ ಇದ್ದದ್ದನ್ನು ಹೇಳಿದೆ. ಎರಡು ವರ್ಷದ ಹಿಂದೆ ಇದೇ ದಿನ ಆಕ್ಲೆಂಡಿನ ಇನ್ನೊಂದು ರೆಸ್ಟ್‌ಹೋಮಿನಲ್ಲಿ ಸಂಜೆ ಪಾಳಿಯಲ್ಲಿದ್ದೆ. ನಮ್ಮವರು ಆಸ್ಪತ್ರೆಯಲ್ಲಿದ್ದರು, ಇನ್ನು ಎರಡು ಮೂರು ದಿನವಾದರೂ ಇರುತ್ತಾರೆ ಎಂದು ಎಲ್ಲರೂ ಅಂದುಕೊಂಡಿದ್ದೆವು. ಐದು ಗಂಟೆಗೆ ಆಸ್ಪತ್ರೆಯಿಂದ ಫೋನ್ ಬಂತು, ಬನ್ನಿ ಎಂದರು. ನನ್ನ ಕೈಯಲ್ಲಿ ಟ್ರೇ ಇತ್ತು, ಟ್ರಾಲಿಯಲ್ಲಿ ಇನ್ನೊಂದು. ಎರಡು ಟ್ರೇ ತಾನೇ, ಕೊಟ್ಟು ಹೋದರಾಯಿತು ಎಂದುಕೊಂಡೆ. ಕೊಟ್ಟೆ. ಒಬ್ಬರು ಚಮಚ ಬೀಳಿಸಿದರು, ತೊಳೆದು ತಂದುಕೊಟ್ಟೆ. ನಾನು ಹೋಗುವ ಹೊತ್ತಿಗೆ ನಮ್ಮವರು ಹೋಗಿ ಆರು ನಿಮಿಷವಾಗಿತ್ತು. ಬಾಗಿಲು ಸದ್ದಾದಾಗಲೆಲ್ಲ ವಿಜಯಾ ಬಂದಳಾ ಎಂದು ಕೇಳುತ್ತಿದ್ದರು ಎಂದು ಪಕ್ಕದ ಹಾಸಿಗೆಯವರು ಹೇಳಿದರು.

ನಾನು ಬೇಕೆಂದೇ ಬಿಟ್ಟವಳು, ನನಗೆ ಎರಡನೇ ಸಲ ಇಲ್ಲ ಎಂದೆ.

ಮಿಸ್ಟರ್ ರೋಸ್ನರ್ ಕೈ ಚಾಚಿ ನನ್ನ ತಲೆ ಎಲ್ಲಿದೆ ಎಂದು ಹುಡುಕಿದರು, ಸಿಕ್ಕಲಿಲ್ಲ, ಭುಜ ಸಿಕ್ಕಿತು.

"ಕೈಯಲ್ಲಿದ್ದ ಕೆಲಸ ಮುಗಿಸೋಣ, ಇನ್ನೂ ಹೊತ್ತಿದೆ ಅಂತ ಅಂದ್ಕೊಂಡು, ಹೊತ್ತು ಮೀರಿಹೋದ್ರೆ," ಅಂದರು, "ಅವನು ಬೇಕೆಂದು ಬಿಟ್ಟವನಲ್ಲ. ಇದು ನನ್ನ ಸಮಾಧಾನದ ಮಾತಲ್ಲ, ವಿಜಯಾ. ನಮ್ಮ ಕಾನೂನು. ಬರೆದಿದೆ."

ಯಾರು ಬರೆದದ್ದು ಎಂದು ಸಿಟ್ಟಿನಿಂದಲೇ ಕೇಳಿದೆ. ನಿನ್ನ ಹಾಗೆ ಟ್ರೇ ಹಿಡಿದುಕೊಂಡು ನಿಂತಿದ್ದ ಯಾರೋ ಇರಬೇಕು ಎಂದರು.

ಹಾಲಿನಿಂದ ಬೆಲ್ಲು ಹೊಡೆದುಕೊಳ್ಳುತ್ತಿತ್ತು. ಹೋದೆ.

ಜೂನ್ 14, ಶನಿವಾರ

ರಜೆ. ಫೋನಿನಲ್ಲಿ ಲೋವರ್ ಹಟ್ ಸೇರಿಸಿದೆ. ಫ್ಲ್ಯಾಟ್ ಬುಷ್ ಅಳಿಸಲಾ ಎಂದು ಅದು ಕೇಳಿತು. ಬೇಡ ಎಂದೆ. ಎರಡೂ ಇರಲಿ, ಒಂದರ ಕೆಳಗೆ ಒಂದು.

ಡಬ್ಬದಲ್ಲಿ ಏನೋ ಹುಡುಕುವಾಗ ದೀಪದ ಕಂಬಗಳು ಸಿಕ್ಕಿದವು, ಕಪ್ಪಾಗಿದ್ದವು. ಹುಣಸೆಹಣ್ಣು ಹಾಕಿ ಉಜ್ಜಿದೆ. ಹಿತ್ತಾಳೆ ಹಾಗೇ ಬಿಟ್ಟರೆ ಹಾಳಾಗುತ್ತದೆ, ಅದಕ್ಕೆ.

ಜೂನ್ 16, ಸೋಮವಾರ

ಬೆಳಗಿನ ಪಾಳಿ ಮೂರೂಕಾಲಿಗೆ ಮುಗಿಯಿತು. ಮಿಸ್ಟರ್ ರೋಸ್ನರ್ ಬೆಳಗ್ಗೆ ನಾನು ಗಡ್ಡ ಕತ್ತರಿಸುವಾಗ, ಇನ್ನು ಮೇಲೆ ಕೂತೇ ಮಾಡುತ್ತೇನೆ, ನಿನ್ನ ತಪ್ಪಿಲ್ಲ ಎಂದಿದ್ದರು. ಅವರ ಬಾಯಲ್ಲಿ ಆ ಮಾತು ಕೇಳುವುದಕ್ಕೆ ನಾನು ಇಷ್ಟೆಲ್ಲ ಹೋರಾಡಿದ್ದಲ್ಲ. ಗಲ್ಲದ ಕೆಳಗೆ ಕತ್ತರಿ ಇತ್ತು, ಅದನ್ನೇ ಆಡಿಸಿದೆ.

ಮನೆಗೆ ಹೋದೆ. ಯೂನಿಫಾರ್ಮ್ ಬಿಚ್ಚಿ ಸೀರೆ ಉಟ್ಟೆ, ಮೇಲೆ ದಪ್ಪ ಜಾಕೆಟ್. ನಾಲ್ಕು ಮೂವತ್ತೆಂಟಕ್ಕೆ ವಾಪಸ್ ಹೋಗಿ ಮುಂಬಾಗಿಲಿನ ಬೆಲ್ಲು ಒತ್ತಿದೆ. ಒಂದೂವರೆ ವರ್ಷದಲ್ಲಿ ಮೊದಲ ಸಲ ಮುಂಬಾಗಿಲು. ಲಿನೆಟ್ ತಾನೇ ಬಂದು ತೆಗೆದಳು. ನಿನ್ನ ಪಾಳಿ ಮುಗಿಯಿತಲ್ಲ ಎಂದಳು. ಕೆಲಸಕ್ಕೆ ಬಂದಿಲ್ಲ, ನೋಡಲು ಬಂದಿದ್ದೇನೆ, ಸಂದರ್ಶಕರ ಪುಸ್ತಕ ಕೊಡಿ ಎಂದೆ.

ಬರೆದೆ. ಹೆಸರು: ವಿಜಯಾ ನಟರಾಜ. ಯಾರನ್ನು ನೋಡಲು: ಮಿಸ್ಟರ್ ರೋಸ್ನರ್, ರೂಮ್ 12. ಬಂದ ಸಮಯ: 4:40. ಇನ್ನೊಂದು ಕಾಲಮ್ ಇತ್ತು, ಸಂಬಂಧ ಎಂದು. ಅಲ್ಲಿ ಕನ್ನಡದಲ್ಲಿ ಬರೆದೆ: ಹತ್ತನೆಯವಳು. ಲಿನೆಟ್ ಆ ಅಕ್ಷರಗಳನ್ನು ನೋಡಿದಳು. ಸಂದರ್ಶಕರು ನಿವಾಸಿಗಳನ್ನು ಎತ್ತಿ ನಿಲ್ಲಿಸುವಂತಿಲ್ಲ ಎಂದಳು. ಎತ್ತುವುದಿಲ್ಲ, ಅವರು ಏಳುತ್ತಾರೆ, ನಾನು ಹಿಂದೆ ನಿಲ್ಲುತ್ತೇನೆ, ಹಿಂದೆ ನಿಲ್ಲಬಾರದೆಂದು ಎಲ್ಲಿ ಬರೆದಿದೆ ತೋರಿಸಿ ಎಂದೆ. ಅವಳು ಗೋಡೆಯ ಪಟ್ಟಿಯ ಕಡೆ ಒಂದು ಸಲ ನೋಡಿದಳು. ಅದನ್ನು ಮತ್ತೆ ಬಿಚ್ಚಬೇಡ ಎಂದು ಹೇಳಿ ದಾರಿ ಬಿಟ್ಟಳು.

ಕುರ್ಚಿಯಲ್ಲಿ ಕೂತು ಆಗಲೇ ಪುಸ್ತಕ ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಓದಲು ಬರುವುದಿಲ್ಲ, ಎಲ್ಲ ಬಾಯಿಪಾಠ, ಆದರೂ ಪುಸ್ತಕ ಬೇಕು. ಸೀರೆಯ ಸದ್ದು ಕೇಳಿ, ಯಾರು ಎಂದರು.

"ರೈಲು ಬಂತು," ಅಂದೆ. "ಏಳಿ."

ಬಹಳ ಹೊತ್ತು ಬೆಲ್ಟಿನ ಬಕಲ್ ಹುಡುಕಿದರು. ಆಮೇಲೆ, ನೀನು ಹೆಂಗಸು, ನಮ್ಮವಳೂ ಅಲ್ಲ, ಲೆಕ್ಕಕ್ಕೆ ಬರುವುದಿಲ್ಲ, ಗೊತ್ತಲ್ಲ ಎಂದರು. ಲೆಕ್ಕ ಬಿಡಿ, ಹನ್ನೊಂದು ನಿಮಿಷ ಇದೆ ಎಂದೆ. ಮೂರು ಹೆಜ್ಜೆ ಹಿಂದೆ, ಮೂರು ಹೆಜ್ಜೆ ಮುಂದೆ. ಗುಡ್ಡದ ಮೇಲೆ ಇನ್ನೂ ಬೆಳಕಿತ್ತು. ಕೊನೆಯ ಸಲ ಎಡಕ್ಕೆ ಬಲಕ್ಕೆ ಬಾಗುವಾಗ ನಾಲ್ಕು ಐವತ್ತನಾಲ್ಕು. ಸೂರ್ಯನ ಹತ್ತಿರ ನಾಲ್ಕು ನಿಮಿಷ ಬಾಕಿ ಇತ್ತು.

ಐದಕ್ಕೆ ಚಂದ್ರಿಕಾ ಅವರ ಟ್ರೇ ತಂದಿಟ್ಟಳು. ನನ್ನ ಸೀರೆ ನೋಡಿ, "ಭಾರೀ ಒಪ್ತದ ನೋಡ್ರಿ ಅಕ್ಕಾ," ಎಂದು ಹೋದಳು. ನಾನು ಕಿಟಕಿಯ ಹತ್ತಿರ ನಿಂತೆ. ಮಿಸ್ಟರ್ ರೋಸ್ನರ್ ಊಟ ಮುಟ್ಟಲಿಲ್ಲ. ನೀನು ಇನ್ನೂ ನಿಂತಿದ್ದೀಯ ಎಂದರು. ಹೌದು ಎಂದೆ. ಯಾರಿಗೆ ಕಾಯುತ್ತಿದ್ದೀಯ ಎಂದು ಕೇಳಲಿಲ್ಲ. ಅವರೂ ಕಾದರು.

ಲಿನೆಟ್ ಬಾಗಿಲಲ್ಲಿ ಇಣುಕಿದಳು. ಊಟ ಆರಿಹೋಗುತ್ತಿದೆ ಎಂದಳು.

"ಟ್ರೇ ಕಾಯಲಿ," ಅಂದೆ.

ಹೊರಗೆ ಕಾರುಗಳ ದೀಪಗಳು ಹತ್ತಿಕೊಂಡಿದ್ದವು. ಫೋನಿನಲ್ಲಿ ಕೆಳಗಿನ ಊರು, ಫ್ಲ್ಯಾಟ್ ಬುಷ್, 5:11 ಎನ್ನುತ್ತಿತ್ತು. ಗಡಿಯಾರ ಅಲ್ಲಿಗೆ ಬಂದಾಗ ಮೂರು ಹೆಜ್ಜೆ ಹಿಂದೆ ಸರಿದೆ, ಮೂರು ಹೆಜ್ಜೆ ಮುಂದೆ ಬಂದೆ. ಎರಡು ತಿಂಗಳಿನ ಅಭ್ಯಾಸ, ಕಾಲು ತಾನಾಗಿ ಹೋಯಿತು. ಮಂತ್ರ ಯಾವುದೂ ಬಾಯಿಗೆ ಬರಲಿಲ್ಲ. ಅವತ್ತು ಆಸ್ಪತ್ರೆಯ ಬಾಗಿಲಲ್ಲಿ ಹೇಳಬೇಕಾಗಿದ್ದದ್ದನ್ನೇ ಹೇಳಿದೆ.

"ರೀ, ಬಂದೆ ಕಣ್ರೀ. ಸ್ವಲ್ಪ ತಡ ಆಯ್ತು."

ಮಿಸ್ಟರ್ ರೋಸ್ನರ್‌ಗೆ ಕನ್ನಡ ಬರುವುದಿಲ್ಲ. ಹಿಂದಿನಿಂದ ಮೆಲ್ಲಗೆ, ಆಮೆನ್ ಎಂದರು.